ಮೊದಲು ಮೇಜು ಅಳೆಯಿರಿ, ಆಮೇಲೆ ಮಾನಿಟರ್ ಕೊಳ್ಳಿ

ಮಕ್ಕಳ ಓದಿಗೆಂದು ಕಂಪ್ಯೂಟರ್ ಕೊಳ್ಳುವಾಗ ‘ಹೇಗೂ ದುಡ್ಡು ಹಾಕುತ್ತೇವೆ, ದೊಡ್ಡ ಪರದೆಯೇ ಇರಲಿ’ ಎನ್ನುವ ಪೋಷಕರುಂಟು. ಆದರೆ ಪರದೆಯ ಗಾತ್ರವನ್ನು ನಿರ್ಧರಿಸಬೇಕಾದದ್ದು ಮೇಜಿನ ಆಳ.

ಮಾನಿಟರಿನ ಅಳತೆ ಎಂದರೆ ಪರದೆಯ ಕರ್ಣದ ಉದ್ದ. 16:9 ಪ್ರಮಾಣದ 24 ಇಂಚಿನ ಪರದೆ ಸುಮಾರು 53 ಸೆಂ.ಮೀ. ಅಗಲವಿರುತ್ತದೆ, 32 ಇಂಚಿನದು 71 ಸೆಂ.ಮೀ. ಕಣ್ಣಿಗೂ ಪರದೆಗೂ ನಡುವೆ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂ.ಮೀ. ಅಂತರವಿರಬೇಕು. 60 ಸೆಂ.ಮೀ. ದೂರದಲ್ಲಿ 24 ಇಂಚಿನ ಪರದೆ ಕಣ್ಣಿನ ಬಳಿ ಸುಮಾರು 48 ಡಿಗ್ರಿ ಕೋನ ಉಂಟುಮಾಡುತ್ತದೆ. 32 ಇಂಚಿನದು 61 ಡಿಗ್ರಿ. ಆಗ ಅಂಚಿನ ಅಕ್ಷರ ಓದಲು ಪದೇ ಪದೇ ಕತ್ತು ಹೊರಳಿಸಬೇಕಾಗುತ್ತದೆ. ಆದ್ದರಿಂದ ಎರಡಡಿ ಆಳದ ಮೇಜಿಗೆ 22ರಿಂದ 24 ಇಂಚು ಸಾಕು. ಎರಡೂವರೆ ಅಡಿ ಇದ್ದರೆ 27 ಇಂಚು ಹೊಂದುತ್ತದೆ.

ಇನ್ನೊಂದು ಮಾತು. 1920x1080 ಚುಕ್ಕಿಗಳ ಪರದೆಯಲ್ಲಿ ಗಾತ್ರ ಹಿಗ್ಗಿದರೆ ಚುಕ್ಕಿಗಳು ಹೆಚ್ಚುವುದಿಲ್ಲ. 24 ಇಂಚಿನಲ್ಲಿ ಇಂಚಿಗೆ 92 ಇದ್ದದ್ದು 32 ಇಂಚಿನಲ್ಲಿ 69ಕ್ಕೆ ಇಳಿದು ಅಕ್ಷರಗಳ ಅಂಚು ಒರಟಾಗುತ್ತದೆ.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ತುಸು ಕೆಳಗೋ ಇರಲಿ. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿದಿರುತ್ತದೆ. ಆದ್ದರಿಂದ ವಿದ್ಯಾರ್ಥಿಗಳು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು. ಪರದೆ ಯಾವ ಗಾತ್ರದ್ದಾದರೂ ಈ ಬಿಡುವು ಬೇಕೇ ಬೇಕು.