ನಿಮ್ಮ ಹೆಸರಿಗೇ ಬರುವ ಚುನಾವಣಾ ಪತ್ರ



ಚುನಾವಣೆ ಹತ್ತಿರ ಬಂದಾಗ ನಿಮ್ಮ ಮನೆಗೆ ಒಂದು ಪತ್ರ ಬರುತ್ತದೆ. ಮೇಲೆ ನಿಮ್ಮದೇ ಹೆಸರು. ಒಳಗೆ "ಹೈನುಗಾರ ಬಂಧುಗಳೇ" ಎಂಬ ಸಂಬೋಧನೆ, ಪಶು ಆಹಾರದ ಬೆಲೆಯ ಮಾತು. ಮರುದಿನ ಮೊಬೈಲಿಗೂ ಅದೇ ಸಂದೇಶ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಬಂದ ಪತ್ರದಲ್ಲಿ ಮಾತ್ರ ಪಿಂಚಣಿಯ ವಿಷಯ. ನಾವು ಹಸು ಕಟ್ಟಿರುವುದು, ಅವರು ಪಾಠ ಹೇಳಿದ್ದು ಪತ್ರ ಬರೆದವರಿಗೆ ಹೇಗೆ ಗೊತ್ತಾಯಿತು? ಇದನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ಪಟ್ಟಿ ತಯಾರಾಗುವ ಬಗೆ

ಎಲ್ಲಕ್ಕೂ ಮೂಲ ಮತದಾರರ ಪಟ್ಟಿ. ಅದರಲ್ಲಿ ಮತದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಇರುತ್ತವೆ. ಇದು ಸಾರ್ವಜನಿಕ ದಾಖಲೆ. ಮಾನ್ಯತೆ ಪಡೆದ ಪಕ್ಷಗಳಿಗೆ ಇದರ ಪ್ರತಿಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಈ ಪಟ್ಟಿಯಲ್ಲಿ ನಿಮ್ಮ ಕಸುಬು, ಮೊಬೈಲ್ ನಂಬರು, ಬ್ಯಾಂಕ್ ಖಾತೆ ಇರುವುದಿಲ್ಲ. ಅವು ಬೇರೆ ಕಡೆಯಿಂದ ಬರಬೇಕು. ಮಿಸ್ಡ್ ಕಾಲ್ ಕೊಟ್ಟು ಪಕ್ಷದ ಸದಸ್ಯರಾದವರ ನಂಬರು, ಸಮೀಕ್ಷೆಯೆಂದು ಮನೆಬಾಗಿಲಿನಲ್ಲಿ ತುಂಬಿಸಿಕೊಂಡ ನಮೂನೆ, ವಾಟ್ಸಾಪ್ ಗುಂಪುಗಳು, ಸಂಘ-ಸಂಸ್ಥೆಗಳ ಸದಸ್ಯರ ಪಟ್ಟಿ, ಇವೆಲ್ಲವನ್ನೂ ಮತದಾರರ ಪಟ್ಟಿಯ ಪಕ್ಕದಲ್ಲಿಟ್ಟು ಹೆಸರಿಗೆ ಹೆಸರು ತಾಳೆ ಹಾಕುತ್ತಾರೆ. ಬಳಿಕ ಮತದಾರರನ್ನು ಮೂರು ಪಾಲು ಮಾಡುತ್ತಾರೆ: ನಮ್ಮವರು, ಎದುರಾಳಿಯವರು, ಇನ್ನೂ ತೀರ್ಮಾನ ಮಾಡದವರು. ತಮ್ಮವರಿಗೆ ಮತಗಟ್ಟೆಗೆ ಬರುವಂತೆ ನೆನಪು ಮಾಡುತ್ತಾರೆ. ಎದುರಾಳಿಯವರ ಗೊಡವೆಗೆ ಹೆಚ್ಚು ಹೋಗುವುದಿಲ್ಲ. ಪತ್ರ, ಫೋನು, ಮನೆ ಭೇಟಿ ಹೆಚ್ಚಾಗಿ ಮೂರನೆಯವರಿಗೆ.

ಈ ವಿದ್ಯೆ ಹಳೆಯದು

ಅಮೆರಿಕದಲ್ಲಿ 1964ರ ಅಧ್ಯಕ್ಷ ಚುನಾವಣೆಯಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಸೋತರು. ಅವರಿಗೆ ದೇಣಿಗೆ ಕೊಟ್ಟವರ ಹೆಸರು, ವಿಳಾಸಗಳು ಸರ್ಕಾರಿ ಕಡತದಲ್ಲಿದ್ದವು. ರಿಚರ್ಡ್ ವಿಗರಿ ಎಂಬುವರು ಅವನ್ನು ಕೈಬರಹದಲ್ಲೇ ನಕಲು ಮಾಡಿಸಿ ಸುಮಾರು 12,500 ಹೆಸರುಗಳನ್ನು ಕೂಡಿಹಾಕಿದರು. ಮುಂದೆ ಅಂಚೆಯ ಮೂಲಕ ಪ್ರಚಾರ ಮಾಡುವ, ಹಣ ಸಂಗ್ರಹಿಸುವ ದೊಡ್ಡ ಉದ್ಯಮವೇ ಅದರಿಂದ ಬೆಳೆಯಿತು. ಅಭ್ಯರ್ಥಿ ಸೋತರೂ ಪಟ್ಟಿ ಉಳಿಯಿತು ಎಂಬುದನ್ನು ಗಮನಿಸಿ. ಒಮ್ಮೆ ಕೈಬಿಟ್ಟ ಪಟ್ಟಿ ಮರಳಿ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿಯೂ 2022ರ ನವೆಂಬರಿನಲ್ಲಿ ಇಂಥ ಪ್ರಕರಣ ದೊಡ್ಡ ಸುದ್ದಿಯಾಯಿತು. ಮತದಾರರಿಗೆ ತಿಳಿವಳಿಕೆ ಕೊಡುವ ನೆಪದಲ್ಲಿ ಖಾಸಗಿ ಸಂಸ್ಥೆಯೊಂದು ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹಿಸಿತೆಂಬ ಆರೋಪ ಬಂದು, ಚುನಾವಣಾ ಆಯೋಗವು ಹಿರಿಯ ಅಧಿಕಾರಿಗಳ ಅಮಾನತಿಗೆ ಆದೇಶಿಸಿತು. 2024ರ ಮೇ 2ರಂದು ಆಯೋಗವು, ಚುನಾವಣೆಯ ನಂತರ ಕೊಡುವ ಸೌಲಭ್ಯಕ್ಕೆಂದು ಸಮೀಕ್ಷೆಯ ಹೆಸರಿನಲ್ಲಿ ಮತದಾರರನ್ನು ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸುವಂತೆ ಎಲ್ಲ ಪಕ್ಷಗಳಿಗೂ ಸೂಚಿಸಿತು.

ನಮ್ಮ ಸಂಘದ ಪುಸ್ತಕ

ಇಲ್ಲಿ ನಮ್ಮ ಜವಾಬ್ದಾರಿ ಬರುತ್ತದೆ. ಹಾಲಿನ ಬಟವಾಡೆ, ಪ್ರೋತ್ಸಾಹಧನ ಖಾತೆಗೆ ಜಮೆಯಾಗುವುದರಿಂದ ಸದಸ್ಯರ ಖಾತೆ ಸಂಖ್ಯೆ, ಆಧಾರ್, ಮೊಬೈಲ್ ನಂಬರು ಸಂಘದಲ್ಲಿವೆ. ಯಾರು ಎಷ್ಟು ಹಾಲು ಹಾಕುತ್ತಾರೆ ಎಂಬ ಲೆಕ್ಕವೂ ಇದೆ. ಊರಿನಲ್ಲಿ ಇಷ್ಟು ಪಕ್ಕಾ ಇರುವ ಪಟ್ಟಿ ಬೇರೆಡೆ ಸಿಗುವುದು ಕಷ್ಟ. ಆದ್ದರಿಂದಲೇ ಅದನ್ನು ಕೇಳಿಕೊಂಡು ಬರುವವರಿರುತ್ತಾರೆ. ಕೇಳುವವರು ಪರಿಚಯದವರೇ ಆಗಿರಬಹುದು, ನೆಂಟರೂ ಆಗಿರಬಹುದು. ಹಾಲಿನ ಲೆಕ್ಕಕ್ಕೆಂದು ಸದಸ್ಯರು ನಂಬಿ ಕೊಟ್ಟ ಮಾಹಿತಿ ಮತದ ಲೆಕ್ಕಕ್ಕೆ ಹೋಗಬಾರದು. ಸಂಘದ ಸ್ವಂತ ಚುನಾವಣೆಗೆ ಅರ್ಹ ಸದಸ್ಯರ ಪಟ್ಟಿಯನ್ನು ನಿಯಮದಂತೆ ಪ್ರಕಟಿಸುವುದು ಬೇರೆ ಮಾತು. ಅದಕ್ಕೆ ಖಾತೆ ಸಂಖ್ಯೆಯಾಗಲಿ ಆಧಾರ್ ಆಗಲಿ ಬೇಕಿಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸಮೀಕ್ಷೆಗೆಂದು ಬಂದವರನ್ನು ಯಾರು ಕಳುಹಿಸಿದರೆಂದು ಕೇಳಿರಿ, ಗುರುತಿನ ಪತ್ರ ನೋಡಿರಿ. ಆಧಾರ್, ಖಾತೆ ಸಂಖ್ಯೆ, ಮೊಬೈಲಿಗೆ ಬಂದ ಓಟಿಪಿ ಯಾರಿಗೂ ಕೊಡಬೇಡಿರಿ.

2. ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇದೆಯೇ ನೋಡಿರಿ. ಪ್ರಜಾಪ್ರತಿನಿಧಿ ಕಾಯ್ದೆ 1951ರ 127ಎ ಕಲಮಿನಂತೆ ಇದು ಕಡ್ಡಾಯ. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

3. ಸದಸ್ಯರ ಮಾಹಿತಿಯನ್ನು ಹೊರಗಿನವರಿಗೆ ಕೊಡಬಾರದೆಂದು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿರಿ. ಕಾರ್ಯದರ್ಶಿಯವರಿಗೆ "ಇಲ್ಲ" ಎನ್ನಲು ಅದು ಆಸರೆಯಾಗುತ್ತದೆ.

4. ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ಪರಿಶೀಲಿಸಿರಿ. ವಿಚಾರಣೆಗೆ, ದೂರಿಗೆ 1950 ಸಂಖ್ಯೆಗೆ ಫೋನ್ ಮಾಡಬಹುದು.

ಪತ್ರ ಬಂದರೆ ಓದಬಾರದೆಂದಲ್ಲ. ಓದಿರಿ, ಪಕ್ಕದ ಮನೆಗೆ ಬಂದ ಪತ್ರವನ್ನೂ ತರಿಸಿ ಓದಿರಿ. ಒಬ್ಬರೇ ಅಭ್ಯರ್ಥಿ ಇಬ್ಬರಿಗೆ ಬೇರೆ ಬೇರೆ ಮಾತು ಕೊಟ್ಟಿದ್ದರೆ ಆಗ ತಿಳಿಯುತ್ತದೆ. ಡಿಗ್ರಿ, ಫ್ಯಾಟು ನೋಡದೆ ಹಾಲನ್ನು ಕ್ಯಾನಿಗೆ ಸುರಿಯದ ನಾವು, ಮತದ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸೋಣ.