ಕಾರಿನ ಬಾಗಿಲ ಬೀಗದ ಸ್ವಿಚ್ಚು: ದೋಷವನ್ನು ತಾಳೆ ನೋಡುವ ಬಗೆ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಬಹುತೇಕರ ಅಂಗಡಿ, ಕಾರ್ಖಾನೆ ಅಥವಾ ಕಚೇರಿಯ ಹೆಸರಿನಲ್ಲಿ ಒಂದೆರಡಾದರೂ ಕಾರುಗಳಿರುತ್ತವೆ. ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ “ವಾಹನ ದುರಸ್ತಿ ಮತ್ತು ನಿರ್ವಹಣೆ” ಎಂಬ ಖಾತೆಯಲ್ಲಿ ಒಂದೇ ಭಾಗಕ್ಕೆ ಎರಡು ಸಲ ಬಿಲ್ಲು ಸಂದಾಯವಾಗಿರುವುದು ನನ್ನಂಥ ಲೆಕ್ಕಪರಿಶೋಧಕರ ಕಣ್ಣಿಗೆ ಆಗಾಗ ಬೀಳುತ್ತದೆ. ಕಾರಣ ಕೇಳಿದರೆ “ಗ್ಯಾರೇಜಿನವರು ಹೇಳಿದರು, ಹಾಕಿಸಿದೆವು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅನ್ಯರ ವೋಚರುಗಳನ್ನು ಕೆದಕಿ ನೋಡುವ ನಾನು ಸ್ವಂತ ಕಾರಿನ ವಿಷಯದಲ್ಲಿ ಇದೇ ತಪ್ಪನ್ನು ಮಾಡಿದ್ದೇನೆ. ಆ ಅನುಭವದಿಂದ ಕಲಿತ ಪಾಠವನ್ನು ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಬೇಸಿಗೆಯ ಮಧ್ಯಾಹ್ನ ವೃದ್ಧರಾದ ನನ್ನ ತಾಯಿಯವರು ಹಿಂದಿನ ಆಸನದಲ್ಲಿ ಕುಳಿತಿದ್ದರು. ಮೊಮ್ಮಗನಿಗಾಗಿ ಹಾಕಿದ್ದ ಮಕ್ಕಳ ಸುರಕ್ಷಾ ಬೀಗ ಹಾಗೆಯೇ ಇದ್ದುದರಿಂದ ಒಳಗಿನ ಹಿಡಿಕೆಯಿಂದ ಬಾಗಿಲು ತೆರೆಯುವಂತಿರಲಿಲ್ಲ. ಹೊರಗಿನಿಂದ ನಾನು ಎಳೆದರೂ ಬಾಗಿಲು ಬರಲಿಲ್ಲ. ಚಾಲಕ ತನ್ನ ಬಾಗಿಲಿನ ಸ್ವಿಚ್ಚನ್ನು ಎಷ್ಟು ಸಲ ಒತ್ತಿದರೂ ಬೀಗ ತೆರೆಯಲಿಲ್ಲ. ಇಗ್ನಿಷನ್ನಿನಲ್ಲಿ ಕೀಲಿ ಇದ್ದುದರಿಂದ ರಿಮೋಟ್ ಸಹ ಸ್ಪಂದಿಸಲಿಲ್ಲ. ಕೀಲಿಯನ್ನು ಹೊರತೆಗೆದು ರಿಮೋಟ್ ಒತ್ತಿದ ಮೇಲೆ ನಾಲ್ಕೂ ಬಾಗಿಲುಗಳು ತೆರೆದುಕೊಂಡವು. ಕಳೆದದ್ದು ಎರಡು ಮೂರು ನಿಮಿಷಗಳಾದರೂ ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಆ ಹೊತ್ತು ಸಣ್ಣದೆನಿಸಲಿಲ್ಲ.

ಮರುದಿನ ಗ್ಯಾರೇಜಿನವರು ಚಾಲಕನ ಬಾಗಿಲಿನ ಇಡೀ ಸ್ವಿಚ್ ಫಲಕವನ್ನು ಬದಲಾಯಿಸಿದರು. ಹತ್ತು ಹನ್ನೆರಡು ದಿನ ಎಲ್ಲವೂ ಸರಿಯಾಗಿತ್ತು. ಅನಂತರ ಅದೇ ದೋಷ ಮರಳಿತು. ಈ ಸಲ ಕಾರಿನ ಕಂಟ್ರೋಲ್ ಮಾಡ್ಯೂಲ್ ಕೆಟ್ಟಿದೆಯೆಂದು, ಮೊದಲಿನದಕ್ಕಿಂತ ಹಲವು ಪಟ್ಟು ಹೆಚ್ಚಿನ ಅಂದಾಜು ಪಟ್ಟಿ ಬಂತು. ಅದಕ್ಕೆ ಸಹಿ ಹಾಕುವ ಮುನ್ನ ಪರಿಚಿತರಾದ ಹಳೆಯ ಆಟೋ ಎಲೆಕ್ಟ್ರೀಷಿಯನ್ ಒಬ್ಬರಿಗೆ ಕಾರನ್ನು ತೋರಿಸಿದೆ. ಅವರು ಸ್ವಿಚ್ಚನ್ನು ಮುಟ್ಟುವ ಮೊದಲು ನಮ್ಮ ಚಾಲಕನನ್ನು ಪ್ರಶ್ನಿಸಿದರು. “ಬಾಗಿಲು ತೆರೆದಿಟ್ಟು ಒತ್ತಿದರೆ ಕೆಲಸ ಮಾಡುತ್ತದೆ, ಮುಚ್ಚಿ ಒತ್ತಿದರೆ ಇಲ್ಲ” ಎಂದು ಆತ ಹೇಳಿದ. ಈ ಮಾತನ್ನು ಅದುವರೆಗೆ ಆತನಿಂದ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ದೋಷದ ಅರ್ಧ ಪತ್ತೆ ಅಲ್ಲಿಯೇ ಆಗಿತ್ತು.

ಸ್ವಿಚ್ಚು ಕೇವಲ ವೋಚರು

ಬಾಗಿಲ ಬೀಗದ ವ್ಯವಸ್ಥೆಯನ್ನು ಅರಿಯಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಪ್ರತಿ ಬಾಗಿಲಿನೊಳಗೆ ಆಕ್ಚುಯೇಟರ್ ಎಂಬ ಘಟಕವಿದ್ದು, ಅದರಲ್ಲಿ ಒಂದು ಸಣ್ಣ ಡಿ.ಸಿ. ಮೋಟಾರು ಇರುತ್ತದೆ. ಎರಡು ತಂತಿಗಳ ಮೂಲಕ ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಬೀಗ ಬೀಳುತ್ತದೆ. ದಿಕ್ಕು ತಿರುವುಮುರುವಾದರೆ ಬೀಗ ತೆರೆಯುತ್ತದೆ. ಈ ದಿಕ್ಕನ್ನು ಬದಲಾಯಿಸುವ ವಿಧಾನಗಳು ಮುಖ್ಯವಾಗಿ ಮೂರು.

ಮೊದಲನೆಯದು ಹಳೆಯ ಕಾರುಗಳ ಪದ್ಧತಿ. ಮೋಟಾರಿನ ಪೂರ್ಣ ವಿದ್ಯುತ್ತು ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಎರಡನೆಯದರಲ್ಲಿ ಸ್ವಿಚ್ಚು ರಿಲೇಗಳಿಗೆ ಅಲ್ಪ ಪ್ರಮಾಣದ ವಿದ್ಯುತ್ತಿನಿಂದ ಆಜ್ಞೆಯನ್ನಷ್ಟೇ ಕೊಡುತ್ತದೆ. ಮೋಟಾರಿನ ಭಾರವನ್ನು ರಿಲೇಗಳು ಹೊರುತ್ತವೆ. ಮೂರನೆಯದು ಇಂದಿನ ಕಾರುಗಳಲ್ಲಿ ಸಾಮಾನ್ಯ. ಸ್ವಿಚ್ಚಿನ ಸಂಕೇತ ಕಂಟ್ರೋಲ್ ಮಾಡ್ಯೂಲಿಗೆ ಹೋಗುತ್ತದೆ, ಬೀಗಗಳನ್ನು ಮಾಡ್ಯೂಲ್ ಚಲಾಯಿಸುತ್ತದೆ. ರಿಮೋಟಿನ ಆಜ್ಞೆಯೂ ಬೇರೊಂದು ದಾರಿಯಿಂದ ಇದೇ ಮಾಡ್ಯೂಲನ್ನು ತಲಪುತ್ತದೆ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಸ್ವಿಚ್ಚು ಒಂದು ವೋಚರು ಮಾತ್ರ. ಅಂತಿಮ ತಾಳೆಪಟ್ಟಿ ಹೊಂದಿಕೆಯಾಗದಿದ್ದಾಗ ದೋಷವು ವೋಚರಿನಲ್ಲಿರಬಹುದು, ರೋಜುಪಟ್ಟಿಯಲ್ಲಿರಬಹುದು, ಖಾತೆಪುಸ್ತಕಕ್ಕೆ ಎತ್ತಿ ಬರೆಯುವಾಗ ಆಗಿರಬಹುದು. ವೋಚರನ್ನು ಹರಿದು ಹೊಸದನ್ನು ಬರೆದಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ.

ಉಪಕರಣವಿಲ್ಲದ ಪರಿಶೀಲನೆ

ಗ್ಯಾರೇಜಿಗೆ ಹೋಗುವ ಮುನ್ನ ಮಾಲೀಕರು ತಾವೇ ಹತ್ತು ನಿಮಿಷ ವ್ಯಯಿಸಿ ಕೆಳಗಿನ ಅಂಶಗಳನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳುವುದು ಒಳಿತು.

1. ಸ್ವಿಚ್ಚಿಗಾಗಲಿ ರಿಮೋಟಿಗಾಗಲಿ ಯಾವ ಬಾಗಿಲೂ ಸ್ಪಂದಿಸದಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಭಾಗವನ್ನು ಶಂಕಿಸಬೇಕು: ಬ್ಯಾಟರಿ, ಫ್ಯೂಸ್, ಅರ್ತ್ ಸಂಪರ್ಕ, ರಿಲೇ ಅಥವಾ ಮಾಡ್ಯೂಲ್. ಬೀಗದ ಫ್ಯೂಸಿನ ಸಂಖ್ಯೆ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಬೇಕು. ಮತ್ತೆ ಸುಟ್ಟರೆ ಎಲ್ಲಿಯೋ ಶಾರ್ಟ್ ಇದೆಯೆಂದು ತಿಳಿಯಬೇಕೇ ಹೊರತು ದೊಡ್ಡ ಫ್ಯೂಸನ್ನು ಹಾಕಕೂಡದು.

2. ರಿಮೋಟಿನಿಂದ ಎಲ್ಲ ಬಾಗಿಲುಗಳೂ ಕೆಲಸ ಮಾಡಿ, ಸ್ವಿಚ್ಚಿನಿಂದ ಮಾತ್ರ ಮಾಡದಿದ್ದರೆ ಫ್ಯೂಸ್, ಮೋಟಾರುಗಳು, ಮಾಡ್ಯೂಲಿನ ಚಾಲನಾ ಭಾಗ ಇವೆಲ್ಲವೂ ನಿರ್ದೋಷಿಗಳು. ಶಂಕೆ ಉಳಿಯುವುದು ಸ್ವಿಚ್ಚು, ಅದರ ತಂತಿ, ಕನೆಕ್ಟರ್ ಮತ್ತು ತೀರ ಅಪರೂಪಕ್ಕೆ ಮಾಡ್ಯೂಲಿನ ಸಂಕೇತ ಗ್ರಹಿಸುವ ಭಾಗದ ಮೇಲೆ.

3. ಒಂದೇ ಬಾಗಿಲು ಮುಷ್ಕರ ಹೂಡಿದ್ದರೆ ಆ ಬಾಗಿಲಿನ ಆಕ್ಚುಯೇಟರ್, ತಂತಿ ಅಥವಾ ಬೀಗದ ಯಂತ್ರಭಾಗದ ಬಿಗಿತ ಕಾರಣ. ಮೋಟಾರಿನ ಸದ್ದು ಕೇಳಿಸಿಯೂ ಬೀಗ ಅಲುಗದಿದ್ದರೆ ಅದು ಬಹುಮಟ್ಟಿಗೆ ವಿದ್ಯುತ್ ದೋಷವಲ್ಲ.

4. ಬೀಗ ಹಾಕುತ್ತದೆ, ತೆರೆಯುವುದಿಲ್ಲ ಅಥವಾ ಇದಕ್ಕೆ ವಿಪರೀತ ಎಂದಾದರೆ ಒಂದು ದಿಕ್ಕಿನ ತಂತಿ, ಸ್ವಿಚ್ಚಿನ ಒಂದು ಸಂಪರ್ಕ ಬಿಂದು ಅಥವಾ ಒಂದು ರಿಲೇ ಮಾತ್ರ ಕೆಟ್ಟಿರುವ ಸಂಭವ ಹೆಚ್ಚು.

5. ಬಾಗಿಲಿನ ಸ್ಥಿತಿಗೆ ತಕ್ಕಂತೆ ದೋಷ ಬಂದು ಹೋಗುತ್ತಿದ್ದರೆ ಬಾಗಿಲಿಗೂ ಕಂಬಕ್ಕೂ ನಡುವೆ ಇರುವ ರಬ್ಬರ್ ಕೊಳವೆಯನ್ನು ಮೊದಲು ನೋಡಬೇಕು. ಬಾಗಿಲು ತೆರೆದು ಮುಚ್ಚಿದಂತೆಲ್ಲ ಅದರೊಳಗಿನ ತಂತಿಗಳು ಬಾಗುತ್ತವೆ. ವರ್ಷಗಳ ನಂತರ ಹೊದಿಕೆ ಹಾಗೆಯೇ ಉಳಿದು ಒಳಗಿನ ತಾಮ್ರ ಮಾತ್ರ ಮುರಿಯುವುದುಂಟು.

ದೋಷವಲ್ಲದ್ದನ್ನು ದೋಷವೆಂದು ಭಾವಿಸುವುದೂ ಉಂಟು. ಕೆಲವು ಕಾರುಗಳನ್ನು ಹೊರಗಿನಿಂದ ರಿಮೋಟಿನಲ್ಲಿ ಬೀಗ ಹಾಕಿದಾಗ ಒಳಗಿನ ಸ್ವಿಚ್ಚು ಸುರಕ್ಷತೆಗಾಗಿ ನಿಷ್ಕ್ರಿಯವಾಗುತ್ತದೆ. ಒಂದೇ ಸಮನೆ ಹಲವು ಬಾರಿ ಒತ್ತಿದರೆ ಮೋಟಾರು ಕಾಯದಂತೆ ಸ್ವಲ್ಪ ಹೊತ್ತು ವ್ಯವಸ್ಥೆ ತಾನೇ ನಿಲ್ಲುವುದೂ ಇದೆ. ಕೈಪಿಡಿಯನ್ನು ಓದಿದರೆ ಇಂತಹ ಸಂಶಯಗಳು ಅಲ್ಲಿಯೇ ಪರಿಹಾರವಾಗುತ್ತವೆ.

ಮೀಟರಿನ ಸಾಕ್ಷ್ಯ

ಮುಂದಿನ ಹಂತಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮತ್ತು ಆ ಕಾರಿನ ವೈರಿಂಗ್ ನಕ್ಷೆ ಬೇಕು. ಮೊದಲು ಬ್ಯಾಟರಿಯ ಜಮೆಯನ್ನು ನೋಡಬೇಕು. ಇಂಜಿನ್ ನಿಂತು ವಿಶ್ರಾಂತಿಯಲ್ಲಿರುವ, ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗಿಂತ ಕಡಿಮೆಯಿದ್ದರೆ ಬ್ಯಾಟರಿಯನ್ನು ಸರಿಪಡಿಸದೆ ಮುಂದಿನ ಪರೀಕ್ಷೆ ವ್ಯರ್ಥ.

ಸ್ವಿಚ್ಚನ್ನು ಪರೀಕ್ಷಿಸುವುದು ಸುಲಭ. ಕನೆಕ್ಟರಿನಿಂದ ಬಿಡಿಸಿ, ಮೀಟರನ್ನು ಓಮ್ ಅಳತೆಗೆ ಇಟ್ಟು, ನಕ್ಷೆಯಲ್ಲಿ ಸೂಚಿಸಿದ ಎರಡು ಪಿನ್ನುಗಳ ನಡುವೆ ಹಿಡಿಯಬೇಕು. ಸಾದಾ ಸ್ವಿಚ್ಚಾದರೆ ಒತ್ತಿದಾಗ ಸೊನ್ನೆಯ ಸಮೀಪದ ಅಂಕಿಯೂ ಬಿಟ್ಟಾಗ ಸಂಪರ್ಕವಿಲ್ಲವೆಂಬ ಸೂಚನೆಯೂ ಬರಬೇಕು. ಒತ್ತಿದಾಗ ಅಂಕಿ ಕುಣಿಯುತ್ತಿದ್ದರೆ ಸಂಪರ್ಕ ಬಿಂದುಗಳು ಸವೆದಿವೆ ಅಥವಾ ಮಲಿನವಾಗಿವೆ. ಕೆಲವು ಕಾರುಗಳ ಸ್ವಿಚ್ಚಿನಲ್ಲಿ ರೆಸಿಸ್ಟರುಗಳನ್ನು ಅಳವಡಿಸಿ, ಒಂದೇ ತಂತಿಯಲ್ಲಿ “ಹಾಕು”, “ತೆರೆ” ಎಂಬ ಎರಡು ಸಂಕೇತಗಳನ್ನು ಬೇರೆ ಬೇರೆ ವೋಲ್ಟೇಜಿನಿಂದ ಕಳುಹಿಸುತ್ತಾರೆ. ಅಂತಹದರಲ್ಲಿ ಸೊನ್ನೆಯನ್ನು ನಿರೀಕ್ಷಿಸದೆ ತಯಾರಕರ ಪಟ್ಟಿಯೊಡನೆ ತಾಳೆ ನೋಡಬೇಕು.

ಮೋಟಾರಿನ ತಂತಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದ ತಂತಿಯೂ ಭಾರವಿಲ್ಲದಾಗ ಮೀಟರಿನಲ್ಲಿ ಪೂರ್ಣ 12 ವೋಲ್ಟನ್ನೇ ತೋರಿಸುತ್ತದೆ. ಪುಸ್ತಕದಲ್ಲಿ ಶಿಲ್ಕು ಇದ್ದು ತಿಜೋರಿಯಲ್ಲಿ ಹಣವಿಲ್ಲದ ಸ್ಥಿತಿ ಇದು. ಆದುದರಿಂದ ವಿದ್ಯುತ್ತು ಹರಿಯುತ್ತಿರುವಾಗಲೇ ಅಳೆಯಬೇಕು. ಅನುಭವಿ ಎಲೆಕ್ಟ್ರೀಷಿಯನ್ನರು ಮೋಟಾರಿನ ಬದಲಿಗೆ 21 ವ್ಯಾಟಿನ ಬಲ್ಬನ್ನು ಜೋಡಿಸುತ್ತಾರೆ. ಅದು 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಲ್ಬು ಪ್ರಕಾಶಮಾನವಾಗಿ ಉರಿದರೆ ತಂತಿ ಗಟ್ಟಿಯಾಗಿದೆ. ಮಂಕಾದರೆ ನಡುವೆ ಸೋರಿಕೆಯಿದೆ. 4 ಆಂಪಿಯರ್ ಹರಿಯುವ ದಾರಿಯಲ್ಲಿ ತುಕ್ಕು ಹಿಡಿದ ಒಂದು ಜೋಡಣೆ 1 ಓಮ್ ತಡೆಯೊಡ್ಡಿದರೆ 4 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಅರ್ತ್ ಸಂಪರ್ಕದಲ್ಲಿ ಈ ನಷ್ಟ 0.1 ಅಥವಾ 0.2 ವೋಲ್ಟನ್ನು ಮೀರಬಾರದು. ಆದರೆ ಮಾಡ್ಯೂಲಿನ ಸಂಕೇತದ ತಂತಿಗಳಿಗೆ ಇಂತಹ ಬಲ್ಬನ್ನು ಎಂದಿಗೂ ಜೋಡಿಸಕೂಡದು, ಮಾಡ್ಯೂಲಿಗೇ ಹಾನಿಯಾದೀತು. ಬಾಗಿಲಿನಲ್ಲಿ ಏರ್‌ಬ್ಯಾಗಿನ ಸಂವೇದಕಗಳಿರುವ ಕಾರುಗಳೂ ಇರುವುದರಿಂದ ಹಳದಿ ಬಣ್ಣದ ಕನೆಕ್ಟರುಗಳನ್ನು ತರಬೇತಿಯಿಲ್ಲದವರು ಮುಟ್ಟಬಾರದು.

ನಮ್ಮ ಕಾರಿನಲ್ಲಿ ಆ ಎಲೆಕ್ಟ್ರೀಷಿಯನ್ ಮಾಡಿದ್ದು ಎರಡೇ ಪರೀಕ್ಷೆ. ಮಾಡ್ಯೂಲಿನ ಬಳಿ “ತೆರೆ” ಸಂಕೇತದ ತಂತಿಯನ್ನು ನಕ್ಷೆಯಲ್ಲಿ ಖಚಿತಪಡಿಸಿಕೊಂಡು ಕ್ಷಣಕಾಲ ಅರ್ತಿಗೆ ಮುಟ್ಟಿಸಿದರು. ನಾಲ್ಕೂ ಬಾಗಿಲುಗಳು ತೆರೆದುಕೊಂಡವು. ಮಾಡ್ಯೂಲ್ ನಿರ್ದೋಷಿಯೆಂದು ಸಾಬೀತಾಯಿತು. ಬಳಿಕ ಸ್ವಿಚ್ಚಿನ ಕನೆಕ್ಟರಿನಿಂದ ಮಾಡ್ಯೂಲಿನ ಕನೆಕ್ಟರಿನವರೆಗೆ ಅದೇ ತಂತಿಯ ಎರಡು ತುದಿಗಳಿಗೆ ಮೀಟರನ್ನು ಹಿಡಿದು ಬಾಗಿಲನ್ನು ಮೆಲ್ಲನೆ ಮುಚ್ಚಿಸಿದರು. ಅರ್ಧ ಮುಚ್ಚುವಷ್ಟರಲ್ಲಿ ಮೀಟರಿನ ಅಂಕಿ ಮಾಯವಾಯಿತು. ರಬ್ಬರ್ ಕೊಳವೆಯನ್ನು ಸರಿಸಿದಾಗ ಹೊದಿಕೆಯೊಳಗೆ ತುಂಡಾಗಿದ್ದ ತಂತಿ ಸಿಕ್ಕಿತು. ಗ್ಯಾರೇಜಿನಲ್ಲಿ ಫಲಕವನ್ನು ಬಿಚ್ಚಿ ಜೋಡಿಸುವಾಗ ತಂತಿಗಳು ಅಲುಗಿ ತುದಿಗಳು ತಾತ್ಕಾಲಿಕವಾಗಿ ಕೂಡಿದ್ದರಿಂದಲೇ ಹೊಸ ಸ್ವಿಚ್ಚು ಕೆಲವು ದಿನ “ಕೆಲಸ ಮಾಡಿತ್ತು”. ಒಂದು ಅಡಿ ಹೊಸ ತಂತಿ, ಬೆಸುಗೆ ಮತ್ತು ಹೊದಿಕೆಯಲ್ಲಿ ದುರಸ್ತಿ ಮುಗಿಯಿತು.

ಸ್ವಿಚ್ಚೇ ಕೆಟ್ಟಿದ್ದರೆ

ಸ್ವಿಚ್ಚು ಎಂದಿಗೂ ಕೆಡುವುದಿಲ್ಲವೆಂದು ಇದರ ಅರ್ಥವಲ್ಲ. ತೆರೆದ ಕಿಟಕಿಯಿಂದ ಬಿದ್ದ ಮಳೆನೀರು, ಚೆಲ್ಲಿದ ಪಾನೀಯ, ಕರಾವಳಿಯ ಉಪ್ಪಿನ ಗಾಳಿ ಇವು ಸಂಪರ್ಕ ಬಿಂದುಗಳಿಗೆ ಶತ್ರುಗಳು. ಪಿನ್ನುಗಳ ಮೇಲಿನ ಹಸಿರು ಕಿಲುಬು ಇದರ ಗುರುತು. ಆದರೆ ಬಿಗಿಯಾದ ಸ್ವಿಚ್ಚಿಗೆ ಕೈಗೆ ಸಿಕ್ಕ ಎಣ್ಣೆಯನ್ನು ಬಿಡುವುದು ಅಪಾಯಕರ. ಟೊಯೋಟಾ ಕಂಪನಿ 2012ರ ಅಕ್ಟೋಬರಿನಲ್ಲಿ ವಿಶ್ವಾದ್ಯಂತ ಸುಮಾರು 74 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿತು. ಚಾಲಕನ ಬಾಗಿಲಿನ ಪವರ್ ವಿಂಡೋ ಸ್ವಿಚ್ಚಿನಲ್ಲಿ ಗ್ರೀಸು ಸಮನಾಗಿ ಹರಡದೆ ಸ್ವಿಚ್ಚು ಬಿಗಿಯಾಗುತ್ತಿದ್ದುದು ಕಾರಣ. ಅದಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಲೂಬ್ರಿಕೆಂಟನ್ನು ಹಾಕಿದರೆ ಸ್ವಿಚ್ಚು ಕರಗಿ ಹೊಗೆಯೇಳಬಹುದೆಂದು ಆಗ ಎಚ್ಚರಿಸಲಾಗಿತ್ತು. 2015ರ ಅಕ್ಟೋಬರಿನಲ್ಲಿ ಅದೇ ಬಗೆಯ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 65 ಲಕ್ಷ ವಾಹನಗಳನ್ನು ಮತ್ತೆ ಕರೆಸಲಾಯಿತು. ಅನೇಕ ಕಾರುಗಳಲ್ಲಿ ಬೀಗದ ಸ್ವಿಚ್ಚೂ ಕಿಟಕಿಯ ಸ್ವಿಚ್ಚೂ ಒಂದೇ ಫಲಕದಲ್ಲಿರುವುದರಿಂದ ಈ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ.

ಬಿಲ್ಲಿಗೆ ಸಹಿ ಹಾಕುವ ಮುನ್ನ

ವ್ಯಾಪಾರಸ್ಥರಿಗೆ ಇದರಲ್ಲಿ ತೆರಿಗೆಯ ಮುಖವೂ ಇದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೆಯ ಕಲಮಿನಂತೆ, ಚಾಲಕನೂ ಸೇರಿ 13 ಆಸನಗಳನ್ನು ಮೀರದ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣೆಯ ಸೇವೆಗೆ ತೆತ್ತ ತೆರಿಗೆಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಾಮಾನ್ಯವಾಗಿ ದೊರೆಯುವುದಿಲ್ಲ. ಟ್ಯಾಕ್ಸಿ ನಡೆಸುವವರು, ಚಾಲನಾ ತರಬೇತಿ ಶಾಲೆಯವರು ಮುಂತಾದವರಿಗೆ ಮಾತ್ರ ವಿನಾಯಿತಿಯುಂಟು. ಅನಗತ್ಯವಾಗಿ ಹಾಕಿಸಿದ ಒಂದು ಸ್ವಿಚ್ಚಿನ ಬೆಲೆಯೊಂದಿಗೆ ಅದರ ತೆರಿಗೆಯೂ ಪೂರ್ಣ ವೆಚ್ಚವಾಗಿ ನಿಲ್ಲುತ್ತದೆ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ “ಗ್ರಾಹಕ” ಎಂಬ ವ್ಯಾಖ್ಯೆಯಿಂದ ಹೊರಗಿರುವುದರಿಂದ, ಸಂಸ್ಥೆಯ ಕಾರಿನ ವಿಷಯದಲ್ಲಿ ಗ್ರಾಹಕ ಆಯೋಗದ ಬಾಗಿಲು ಸುಲಭವಾಗಿ ತೆರೆಯುವುದೂ ಇಲ್ಲ. ಆದುದರಿಂದ ಮುನ್ನೆಚ್ಚರಿಕೆಯೇ ಮೇಲು.

ಗ್ಯಾರೇಜಿನವರೊಂದಿಗೆ ಜಗಳ ಬೇಕಿಲ್ಲ. ಮೂರು ವಿನಂತಿಗಳು ಸಾಕು. ಯಾವ ಪರೀಕ್ಷೆಯಿಂದ ಈ ಭಾಗ ಕೆಟ್ಟಿದೆಯೆಂದು ನಿರ್ಣಯವಾಯಿತು, ಅದರ ಅಳತೆ ಎಷ್ಟು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿರಿ. ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯಿರಿ. ದಿನವೂ ಕಾರನ್ನು ನಡೆಸುವ ಚಾಲಕನ ಹೇಳಿಕೆಯನ್ನು ಮೊದಲು ದಾಖಲಿಸಿರಿ.

ಈ ಮೂರನೆಯದನ್ನು ನಾನು ಮಾಡಿದ್ದರೆ ಮೊದಲ ಬಿಲ್ಲೇ ಬರುತ್ತಿರಲಿಲ್ಲ. ಆ ಹಳೆಯ ಸ್ವಿಚ್ ಫಲಕ ಈಗಲೂ ನನ್ನ ಕಚೇರಿಯ ಮೇಜಿನ ಖಾನೆಯಲ್ಲಿದೆ. ಮೀಟರು ಹಿಡಿದು ನೋಡಿದಾಗ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ.