ಕಮಾನಿನಲ್ಲೇ ಮುನ್ನಡೆಸಿದವರು

ವೇದಿಕೆಯ ನಡುವೆ ಎತ್ತರದ ಪೀಠವಿಲ್ಲ. ಕೋಲು ಹಿಡಿದು, ಸಭಿಕರಿಗೆ ಬೆನ್ನು ಮಾಡಿ ನಿಲ್ಲುವ ಕಂಡಕ್ಟರ್ ಇಲ್ಲ. ಅರ್ಧಚಂದ್ರಾಕಾರದಲ್ಲಿ ಸುಮಾರು 16 ಮಂದಿ ತಂತಿವಾದ್ಯಗಾರರು, ಜೊತೆಗೊಂದು ಹಾರ್ಪ್ಸಿಕಾರ್ಡ್. ಮೊದಲ ವಯೊಲಿನ್‌ನ ಜಾಗದಲ್ಲಿ ಕುಳಿತವರು ಒಮ್ಮೆ ಉಸಿರೆಳೆದು ಕಮಾನನ್ನು ಚೂರೇ ಚೂರು ಎತ್ತುತ್ತಾರೆ. ಆ ಕಮಾನು ತಂತಿಗೆ ತಾಗುವ ಗಳಿಗೆಗೇ ಉಳಿದವರ ಕಮಾನುಗಳೂ ತಾಗಿರುತ್ತವೆ. ಬುಡಾಪೆಸ್ಟ್‌ನ ಫ್ರಾಂಜ್ ಲಿಸ್ಟ್ ಚೇಂಬರ್ ಆರ್ಕೆಸ್ಟ್ರಾ ಜಗತ್ತಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹೆಸರು ಮಾಡಿದ್ದು ಹೀಗೆ. ಆ ಕುರ್ಚಿಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕುಳಿತವರು ಯಾನೋಶ್ ರೋಲ್ಲಾ.

ಮೇಳ ಹುಟ್ಟಿದ್ದು 1963ರಲ್ಲಿ. ಬುಡಾಪೆಸ್ಟ್‌ನ ಲಿಸ್ಟ್ ಸಂಗೀತ ಅಕಾಡೆಮಿಯಲ್ಲಿ ಕಲಿತ ಯುವಕ ಯುವತಿಯರು ಸೇರಿ ಕಟ್ಟಿದ ತಂಡವದು. 1944ರಲ್ಲಿ ಹುಟ್ಟಿದ ರೋಲ್ಲಾಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಈ ಎಳೆಯರ ಬೆನ್ನಿಗೆ ನಿಂತವರು ಅಕಾಡೆಮಿಯ ಹಿರಿಯ ಗುರು ಫ್ರಿದ್ಯೆಶ್ ಶಾಂದೋರ್. ಬಾಖ್, ವಿವಾಲ್ಡಿ, ಹ್ಯಾಂಡಲ್‌ರ ಸಂಗೀತವನ್ನು ಅವರು ಶಿಷ್ಯರ ಕೈಯಲ್ಲಿ ತಿದ್ದಿ ತೀಡಿಸಿದರು. 1979ರಲ್ಲಿ ಶಾಂದೋರ್ ತೀರಿಕೊಂಡಾಗ ತಂಡದ ಮುಂದೆ ಎರಡು ದಾರಿಗಳಿದ್ದವು: ಹೊರಗಿನಿಂದ ಒಬ್ಬ ಕಂಡಕ್ಟರನ್ನು ಕರೆತರುವುದು, ಇಲ್ಲವೇ ತಮ್ಮೊಳಗಿನವರನ್ನೇ ನೆಚ್ಚಿಕೊಳ್ಳುವುದು. ಅವರು ಎರಡನೆಯದನ್ನು ಹಿಡಿದರು. ಮೊದಲ ದಿನದಿಂದಲೂ ಜೊತೆಗಿದ್ದ ರೋಲ್ಲಾ ನಾಯಕರಾದರು. ಆದರೆ ವಯೊಲಿನ್ ಕೆಳಗಿಟ್ಟು ಎದ್ದು ನಿಲ್ಲಲಿಲ್ಲ, ನುಡಿಸುತ್ತಲೇ ನಡೆಸಿದರು.

ಈ ಧೈರ್ಯ ಒಂದು ದಿನದಲ್ಲಿ ಬಂದದ್ದಲ್ಲ. 1875ರಲ್ಲಿ ಫ್ರಾಂಜ್ ಲಿಸ್ಟ್ ಮುಂದಾಳತ್ವದಲ್ಲಿ ಶುರುವಾದ ಅಕಾಡೆಮಿಯಲ್ಲಿ ಯೆನೊ ಹುಬಾಯ್ ಕಟ್ಟಿದ ವಯೊಲಿನ್ ಪರಂಪರೆ ಎಷ್ಟು ಗಟ್ಟಿಯೋ, ಲಿಯೋ ವೈನರ್ ಕಟ್ಟಿದ ಚೇಂಬರ್ ಸಂಗೀತದ ಪಾಠವೂ ಅಷ್ಟೇ ಗಟ್ಟಿ. ಸ್ವತಃ ಸಂಯೋಜಕರಾಗಿದ್ದ ವೈನರ್ 1908ರಿಂದ ಅಲ್ಲಿ ಕಲಿಸಿದರು. ಮುಂದೆ ಜಗದ್ವಿಖ್ಯಾತ ಕಂಡಕ್ಟರ್ ಆದ ಜಾರ್ಜ್ ಸೋಲ್ಟಿ, ಚೆಲ್ಲೋ ವಾದಕ ಯಾನೋಶ್ ಶ್ಟಾರ್ಕರ್ ಅವರ ಶಿಷ್ಯರು. ಪಕ್ಕದವರು ಏನು ನುಡಿಸುತ್ತಿದ್ದಾರೆಂದು ಕೇಳಿಸಿಕೊಳ್ಳುವುದೇ ವೈನರ್ ತರಗತಿಯ ಮೊದಲ ಪಾಠ. 1928ರಲ್ಲಿ ಅವರು ವಿದ್ಯಾರ್ಥಿಗಳಿಂದಲೇ ಕಂಡಕ್ಟರ್ ಇಲ್ಲದ ಆರ್ಕೆಸ್ಟ್ರಾ ಒಂದನ್ನು ಕಟ್ಟಿಸಿದ್ದರು. ವೈನರ್ 1960ರಲ್ಲಿ ತೀರಿಕೊಂಡರು. ಮೂರೇ ವರ್ಷಕ್ಕೆ ಅದೇ ಅಕಾಡೆಮಿಯ ಮಕ್ಕಳು ಸೇರಿ ಈ ಮೇಳ ಕಟ್ಟಿದರು. ಗುರು ಹೋದರೂ ಪಾಠ ಆ ಗೋಡೆಗಳ ನಡುವೆ ಉಳಿದಿತ್ತು.

ಕಂಡಕ್ಟರ್ ಇಲ್ಲದೆ ನುಡಿಸುವುದೆಂದರೆ ಒಬ್ಬರ ಸಂಬಳ ಉಳಿಸುವ ಉಪಾಯವಲ್ಲ. ದೊಡ್ಡ ಆರ್ಕೆಸ್ಟ್ರಾದಲ್ಲಿ ಕೃತಿಯ ಪೂರ್ಣ ಸ್ವರಲಿಪಿ ಇರುವುದು ಕಂಡಕ್ಟರ್ ಮುಂದೆ ಮಾತ್ರ. ಉಳಿದವರ ಮುಂದೆ ಅವರವರ ಪಾಲಿನ ಹಾಳೆ. ಕಂಡಕ್ಟರ್ ಇಲ್ಲದಾಗ ಪ್ರತಿಯೊಬ್ಬರೂ ಇನ್ನೊಬ್ಬರ ಪಾಲನ್ನೂ ತಲೆಯಲ್ಲಿಟ್ಟುಕೊಳ್ಳಬೇಕು. ಯಾವ ಸ್ವರಕ್ಕೆ ಕಮಾನನ್ನು ಕೆಳಗೆಳೆಯಬೇಕು, ಯಾವುದಕ್ಕೆ ಮೇಲೆ ತಳ್ಳಬೇಕು, ಕಮಾನಿನ ಬುಡ ಬಳಸಬೇಕೋ ತುದಿಯೋ, ಕುದುರೆಯಿಂದ ಎಷ್ಟು ದೂರದಲ್ಲಿ ಉಜ್ಜಬೇಕು ಎಂಬುದೆಲ್ಲ ತಾಲೀಮಿನಲ್ಲೇ ತೀರ್ಮಾನವಾಗಬೇಕು. ಕಛೇರಿಯ ಹೊತ್ತಿನಲ್ಲಿ ನಾಯಕನಿಗೆ ಸಿಗುವುದು ಒಂದು ಉಸಿರು, ಒಂದು ಭುಜದ ಚಲನೆ, ಒಂದು ಕಣ್ಣೋಟ. ಅತ್ತ ಚೆಲ್ಲೋ, ಡಬಲ್ ಬಾಸ್‌ಗಳು ಲಯದ ನೆಲೆ ಬಿಡದೆ ನಿಲ್ಲಬೇಕು, ಇತ್ತ ಮೇಲಿನ ವಯೊಲಿನ್‌ಗಳು ಆ ನೆಲದ ಮೇಲೆ ನಿಶ್ಚಿಂತೆಯಿಂದ ಓಡಾಡಬೇಕು. ಯಕ್ಷಗಾನ ನೋಡಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ: ಭಾಗವತರು ಆಟದ ಹೊರಗೆ ನಿಂತು ಅಪ್ಪಣೆ ಕೊಡುವುದಿಲ್ಲ, ತಾವೇ ಹಾಡುತ್ತಾ, ತಾಳ ಹಾಕುತ್ತಾ ಇಡೀ ಮೇಳವನ್ನು ಕೊಂಡೊಯ್ಯುತ್ತಾರೆ. ರೋಲ್ಲಾ ಮಾಡಿದ್ದೂ ಅದನ್ನೇ.

ಯುರೋಪಿನಲ್ಲಿ ಇದು ಹೊಸ ಪದ್ಧತಿಯೂ ಅಲ್ಲ. ಕೋಲು ಹಿಡಿದ ಕಂಡಕ್ಟರ್ ಎಂಬ ವ್ಯಕ್ತಿ ಬೇರೂರಿದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ವಯೊಲಿನ್ ಇಲ್ಲವೇ ಹಾರ್ಪ್ಸಿಕಾರ್ಡ್ ನುಡಿಸುವವರೇ ವಾದ್ಯವೃಂದವನ್ನು ನಡೆಸುತ್ತಿದ್ದರು. ಈಗಿನ ಹಂಗೆರಿಯ ಫೆರ್ತೋದ್ ಪಟ್ಟಣದಲ್ಲಿರುವ ಎಸ್ತರ್‌ಹಾಜಿ ಅರಮನೆಯಲ್ಲಿ ಜೋಸೆಫ್ ಹೈಡನ್ ಕೆಲಸ ಮಾಡಿದ್ದು ಹಾಗೆಯೇ. 1772ರ ಅವರ ‘ಬೀಳ್ಕೊಡುಗೆ’ ಸಿಂಫನಿಯ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಕಡೆಗೆ ಉಳಿಯುವುದು ಎರಡು ವಯೊಲಿನ್ ಮಾತ್ರ. ಮನೆಗೆ ಹೋಗಲು ಹಂಬಲಿಸುತ್ತಿದ್ದ ವಾದಕರ ಅಹವಾಲನ್ನು ಹೈಡನ್ ರಾಜಕುಮಾರನಿಗೆ ಮುಟ್ಟಿಸಿದ್ದು ಹೀಗೆ. ವಾದಕರ ನಡುವೆಯೇ ಇದ್ದವನಿಗೆ ಅವರ ಸಂಕಟ ತಿಳಿಯುತ್ತದೆ.

ಈ ಮೇಳದ ನಿಜವಾದ ಪರೀಕ್ಷೆ ಮಾತ್ರ ಬೇಲಾ ಬಾರ್ಟೋಕ್‌ರ ‘ಡಿವರ್ಟಿಮೆಂಟೊ’ದಂಥ ಕೃತಿಯಲ್ಲಿದೆ. 1939ರ ಆಗಸ್ಟ್‌ನಲ್ಲಿ, ಎರಡನೇ ಮಹಾಯುದ್ಧ ಹೊಸ್ತಿಲಲ್ಲಿ ನಿಂತಿದ್ದಾಗ, ಸ್ವಿಟ್ಜರ್ಲೆಂಡ್‌ನ ಸಾನೆನ್ ಎಂಬ ಹಳ್ಳಿಯಲ್ಲಿ ಕುಳಿತು ಬಾರ್ಟೋಕ್ ಇದನ್ನು ಹದಿನೈದು ದಿನಗಳಲ್ಲಿ ಬರೆದು ಮುಗಿಸಿದರು. ಬರೆಸಿದವರು ಬಾಸೆಲ್ ಚೇಂಬರ್ ಆರ್ಕೆಸ್ಟ್ರಾದ ಪಾಲ್ ಸಾಖರ್. ಮರುವರ್ಷವೇ ಬಾರ್ಟೋಕ್ ಹಂಗೆರಿ ಬಿಟ್ಟು ಅಮೆರಿಕಕ್ಕೆ ಹೋದರು, ಜೀವಂತವಾಗಿ ಮರಳಲಿಲ್ಲ. ಕೃತಿಯ ಮೊದಲ ಭಾಗದಲ್ಲಿ ಕೆಳಗಿನ ತಂತಿಗಳು ಒಂದೇ ಸಮನೆ ಮಿಡಿಯುತ್ತಿರುತ್ತವೆ, ಅವುಗಳ ಮೇಲೆ ವಯೊಲಿನ್‌ಗಳು ಕುಣಿಯುವ ರಾಗವೊಂದನ್ನು ಹೊಸೆಯುತ್ತವೆ. ಆಗಾಗ ಇಡೀ ವೃಂದ ಹಿಂದೆ ಸರಿದು ಕೆಲವೇ ಏಕವಾದಕರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಮರುಕ್ಷಣ ಎಲ್ಲರೂ ಒಟ್ಟಾಗಿ ಉತ್ತರ ಕೊಡುತ್ತಾರೆ. ಎರಡನೆಯ ಭಾಗ ಬೇರೆಯೇ ಲೋಕ. ಮ್ಯೂಟ್ ಹಾಕಿದ ತಂತಿಗಳು ತೆವಳುವಂತೆ ಮೊದಲಾಗುತ್ತವೆ, ನಾದ ಉಬ್ಬುತ್ತಾ ಉಬ್ಬುತ್ತಾ ಚೀತ್ಕಾರಕ್ಕೆ ಮುಟ್ಟುತ್ತದೆ. ಬರಲಿರುವ ಕೇಡನ್ನು ಇಷ್ಟು ಹತ್ತಿರದಿಂದ ಕೇಳಿಸುವ ಸಂಗೀತವನ್ನು ನಾನು ಬೇರೆ ಹೆಚ್ಚು ಕೇಳಿಲ್ಲ. ಮೂರನೆಯ ಭಾಗದಲ್ಲಿ ಹಳ್ಳಿಯ ಕುಣಿತ ಮರಳುತ್ತದೆ, ಮೊದಲ ವಯೊಲಿನ್‌ಗೆ ಜಿಪ್ಸಿ ವಾದಕರ ಧಾಟಿಯ ಏಕವಾದನವೂ ಸಿಗುತ್ತದೆ. ಒಂದು ಸಾಲಿನಲ್ಲಿ ಏಕವಾದಕ, ಮರುಸಾಲಿನಲ್ಲಿ ಗುಂಪಿನವನು: ನಾಯಕನ ಕುರ್ಚಿಯಲ್ಲಿ ಕುಳಿತವರಿಗೆ ಈ ಕೃತಿ ಹಾಕುವ ಸವಾಲು ಅದು. ರೋಲ್ಲಾ ಅವರ ಇಡೀ ವೃತ್ತಿಬದುಕೂ ಆ ಎರಡು ಪಾತ್ರಗಳ ನಡುವೆಯೇ ಸಾಗಿತು.

ಇಷ್ಟೇ ಕಷ್ಟದ ಇನ್ನೊಂದು ಕೆಲಸ, ಅತಿಥಿ ಕಲಾವಿದರಿಗೆ ಜೊತೆ ನೀಡುವುದು. ಏಕವಾದಕ ಒಂದು ಸ್ವರವನ್ನು ಅಂದಿನ ಮನಸ್ಸಿಗೆ ಬಂದಂತೆ ಕೊಂಚ ಎಳೆದರೆ, ಕಂಡಕ್ಟರ್ ಇಲ್ಲದ ತಂಡ ಅದನ್ನು ಕಿವಿಯಿಂದಲೇ ಹಿಡಿಯಬೇಕು. ಕೊಳಲಿನ ಜಾನ್ ಪಿಯರ್ ರಂಪಾಲ್, ಟ್ರಂಪೆಟ್‌ನ ಮೋರಿಸ್ ಆಂದ್ರೆ, ವಯೊಲಿನ್‌ನ ಯೆಹೂದಿ ಮೆನುಹಿನ್, ಐಸಾಕ್ ಸ್ಟರ್ನ್, ಚೆಲ್ಲೋದ ರಾಸ್ಟ್ರೊಪೊವಿಚ್ ಈ ಮೇಳದ ಜೊತೆ ನುಡಿಸಿದರು. ಹಾರ್ಪ್ಸಿಕಾರ್ಡ್‌ನಲ್ಲಿ ಝುಜಾ ಪೆರ್ಟಿಸ್ ಬಹುಕಾಲ ತಂಡದ ಜೊತೆಗಿದ್ದರು. ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಿಂದ ಹಿಡಿದು ಟೋಕಿಯೊದ ಸನ್‌ಟೋರಿ ಹಾಲ್‌ವರೆಗೆ ಕಛೇರಿಗಳು ನಡೆದವು, ಇನ್ನೂರಕ್ಕೂ ಹೆಚ್ಚು ಧ್ವನಿಮುದ್ರಿಕೆಗಳು ಹೊರಬಂದವು. ಹಂಗೆರೊಟನ್ ಕಂಪನಿಯ ಎಲ್‌ಪಿಗಳ ಮೂಲಕ ಅವರ ಬಾಖ್, ವಿವಾಲ್ಡಿಗಳು ದೇಶದ ಗಡಿ ದಾಟಿ ಮನೆಮನೆ ಸೇರಿದವು.

1980ರ ದಶಕದ ಹೊತ್ತಿಗೆ ಬಾಖ್ ಕಾಲದ ವಾದ್ಯಗಳಲ್ಲೇ, ಕರುಳಿನ ತಂತಿಗಳಲ್ಲೇ ಬಾಖ್ ನುಡಿಸಬೇಕೆಂಬ ಒಲವು ಯುರೋಪಿನಲ್ಲಿ ಬಲವಾಯಿತು. ಹಂಗೆರಿಯಲ್ಲೂ 1981ರಲ್ಲಿ ಕಪೆಲ್ಲಾ ಸವಾರಿಯಾ ಎಂಬ ತಂಡ ಆ ಹಾದಿ ಹಿಡಿಯಿತು. ರೋಲ್ಲಾ ಮೇಳ ಆಧುನಿಕ ವಾದ್ಯಗಳನ್ನು ಬಿಡಲಿಲ್ಲ. ಅವರ ಬರೋಕ್ ನಾದ ತುಸು ದಪ್ಪ, ತುಸು ಬೆಚ್ಚಗೆ ಎಂದು ಇಂದಿನ ಕಿವಿಗೆ ಅನ್ನಿಸೀತು. ಆದರೂ ಪ್ರತಿ ಎಳೆಯೂ ಬಿಡಿಬಿಡಿಯಾಗಿ ಕೇಳುವ ಸ್ಪಷ್ಟತೆಯಲ್ಲಿ ಆ ಧ್ವನಿಮುದ್ರಿಕೆಗಳು ಈಗಲೂ ಹಿಂದೆ ಬಿದ್ದಿಲ್ಲ.

ರೋಲ್ಲಾ ನಂತರ ಹೊಸ ತಲೆಮಾರು ಬಂದಿದೆ. 2020ರಲ್ಲಿ ಚೆಲ್ಲೋ ವಾದಕ ಇಶ್ತ್ವಾನ್ ವಾರ್ದಾಯಿ ಕಲಾ ನಿರ್ದೇಶಕರಾದರು. ವಯೊಲಿನ್ ಬದಲು ಚೆಲ್ಲೋ, ಆದರೆ ನಾಯಕನ ಕೈಯಲ್ಲಿರುವುದು ಈಗಲೂ ವಾದ್ಯವೇ. ನಾಯಕನೆಂದರೆ ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲುವವನು ಎಂದು ನಂಬಿದ ಜಗತ್ತಿಗೆ ಈ ಹಂಗೆರಿಯ ವಾದಕರು ದಶಕಗಳಿಂದ ಬೇರೆ ಉದಾಹರಣೆ ಕೊಡುತ್ತಾ ಬಂದಿದ್ದಾರೆ. ಅವರ ನಾಯಕ ತಪ್ಪು ನುಡಿಸಿದರೆ ಅದು ಎಲ್ಲರಿಗೂ ಕೇಳುತ್ತದೆ. ಬೇರೆಯವರಿಗೆ ಹೇಳಿದ್ದನ್ನು ತಾನೂ ಅದೇ ಕ್ಷಣ, ಅದೇ ತಂತಿಯ ಮೇಲೆ ಮಾಡಿ ತೋರಿಸಬೇಕಾಗುತ್ತದೆ. ರೋಲ್ಲಾ ಮಾತಿಗೆ ಮೇಳದಲ್ಲಿ ತೂಕ ಬಂದದ್ದು ಅದರಿಂದಲೇ.